ಬೇಸ್‌ಬಾಲ್ ಗೊತ್ತಿಲ್ಲದವರು ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ಗೆ ಸೇರಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಅಮೆರಿಕಕ್ಕೆ ಬಂದು ಒಂದು ವರ್ಷವಾಗಿದೆ. ಆಫೀಸಿನ ಗೆಳೆಯರ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಹತ್ತನೆಯವರು ಸಿಗದೆ ನಿಮ್ಮನ್ನ ಕರೀತಿದ್ದಾರೆ. ನಿಮಗೆ ಗೊತ್ತಿರೋದು ಕ್ರಿಕೆಟ್ ಮಾತ್ರ. ಸೇರಬೇಕಾ, ಸೇರಿದ್ರೆ ಎಷ್ಟು ಹೊತ್ತು ತಿನ್ನುತ್ತೆ?

ಸೇರಿ. ಆಟ ಗೊತ್ತಿಲ್ಲ ಅನ್ನೋದು ದೊಡ್ಡ ಅಡ್ಡಿ ಅಲ್ಲ, ಎರಡು ತಿಂಗಳಲ್ಲಿ ತಾನಾಗೇ ತಲೆಗೆ ಹತ್ತುತ್ತೆ. ಆದ್ರೆ ಜುಲೈ ತಿಂಗಳಲ್ಲಿ, ನಿಮ್ಮ ತಂಡ ಕೆಳಗಿನಿಂದ ಎರಡನೇ ಜಾಗದಲ್ಲಿ ಬಿದ್ದಿರುವಾಗ, ದಿನಾ ಐದು ನಿಮಿಷ ಆ ಆ್ಯಪ್ ತೆಗೆದು ತಂಡ ಸರಿ ಮಾಡೋ ತಾಳ್ಮೆ ಇದೆಯಾ ನೋಡ್ಕೊಳ್ಳಿ. ಇಲ್ಲ ಅಂದ್ರೆ ಈಗಲೇ ಕೈಮುಗಿದುಬಿಡಿ. ನಾನಿದನ್ನ 2024ರಲ್ಲಿ ಬೈಸಿಕೊಂಡು ಕಲಿತೆ.

ನನ್ನೂರು ಶಿವಮೊಗ್ಗ, ಈಗಿರೋದು ಪಿಟ್ಸ್‌ಬರ್ಗ್. ಊರಲ್ಲಿ ಫ್ಯಾಂಟಸಿ ಅಂದ್ರೆ ಡ್ರೀಮ್11 ನೆನಪಾಗುತ್ತಲ್ಲ, ಅದನ್ನ ಮೊದಲು ತಲೆಯಿಂದ ತೆಗೆದುಹಾಕಿ. ಟಾಸ್ ಆದಮೇಲೆ ಹನ್ನೊಂದು ಜನರನ್ನ ಆರಿಸಿ, ಮುಖ ನೋಡದ ಲಕ್ಷಗಟ್ಟಲೆ ಜನರ ಜೊತೆ ಪೈಪೋಟಿ, ಮ್ಯಾಚ್ ಮುಗಿದರೆ ಲೆಕ್ಕವೂ ಮುಗೀತು. (2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಮೇಲೆ ಅಲ್ಲಿ ದುಡ್ಡು ಕಟ್ಟಿ ಆಡೋದೂ ನಿಂತುಹೋಯ್ತು.) ಇಲ್ಲಿ ಹಾಗಲ್ಲ. ಹತ್ತು ಜನ, ಹತ್ತು ತಂಡ, ಒಬ್ಬ ಆಟಗಾರ ಒಬ್ಬರ ಹತ್ತಿರ ಮಾತ್ರ. ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಮಾಡಿದ್ದೇ ಸೀಸನ್ ಪೂರ್ತಿ ನಿಮ್ಮ ತಂಡದ ಲೆಕ್ಕ. ಐಪಿಎಲ್ ಹರಾಜಿನ ಹಾಗೆ, ಅವನು ಪಕ್ಕದವನ ಪಾಲಾದರೆ ನಿಮಗಿಲ್ಲ. ಬೇಸ್‌ಬಾಲ್ ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ. 30 ತಂಡ, ಒಂದೊಂದಕ್ಕೆ 162 ಪಂದ್ಯ. ಅಂದ್ರೆ ಹೆಚ್ಚುಕಮ್ಮಿ ದಿನವೂ ಆಟ. ಬೆಳಿಗ್ಗೆ ಹಾಲು ಕಾಯಿಸುವಾಗ ರಾತ್ರಿ ಯಾರು ಎಷ್ಟು ಹೊಡೆದರು ಅಂತ ನೋಡೋದು ಅಭ್ಯಾಸ ಆಗಿಬಿಡುತ್ತೆ.

ಇದನ್ನ ಈಗಿನ ರೂಪಕ್ಕೆ ತಂದವರು ಡೇನಿಯಲ್ ಓಕ್ರೆಂಟ್ ಅನ್ನೋ ಪತ್ರಕರ್ತ, ಮತ್ತವರ ಗೆಳೆಯರು, 1980ರಲ್ಲಿ. ನ್ಯೂಯಾರ್ಕಿನಲ್ಲಿ ಅವರು ಸೇರ್ತಿದ್ದ ಫ್ರೆಂಚ್ ಹೋಟೆಲಿನ ಹೆಸರಿಂದಲೇ ಆಟಕ್ಕೆ 'ರೊಟಿಸರಿ' ಅನ್ನೋ ಹೆಸರು ಬಂತು. ಲೀಗ್ ಹುಟ್ಟಿಸಿದ ಪುಣ್ಯಾತ್ಮ ಅದನ್ನ ಒಮ್ಮೆಯೂ ಗೆಲ್ಲಲಿಲ್ಲ ಅನ್ನೋದು ನನ್ನಂಥವರಿಗೆ ದೊಡ್ಡ ಸಮಾಧಾನ.

ಲೆಕ್ಕ ಕಷ್ಟದ್ದಲ್ಲ. ಬ್ಯಾಟಿಂಗಿಗೆ ಐದು ವಿಭಾಗ: ಸರಾಸರಿ, ರನ್, ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಹಾಗೆ), ಆರ್‌ಬಿಐ, ಕದ್ದ ಬೇಸ್ (ಬೇಸ್ ಅಂದ್ರೆ ರನ್ ಆಗೋಕೆ ಸುತ್ತಬೇಕಾದ ಗುರುತು; ಪಿಚರ್ ಎಸೆಯೋ ಹೊತ್ತಲ್ಲೇ ಮುಂದಿನದಕ್ಕೆ ಓಡಿಬಿಟ್ಟರೆ ಅದು ಕದ್ದದ್ದು). ಪಿಚಿಂಗಿಗೆ, ಅಂದ್ರೆ ನಮ್ಮ ಬೌಲಿಂಗಿಗೆ ಐದು: ಗೆಲುವು, ಸೇವ್ (ಕೊನೆಗೆ ಬಂದು ಮುನ್ನಡೆ ಕಾಪಾಡೋದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್‌ನನ್ನ ಔಟ್ ಮಾಡೋದು), ಇಆರ್‌ಎ, ವಿಪ್. ಆರ್‌ಬಿಐ ಅಂದ್ರೆ ನೀವು ಹೊಡೆದದ್ದರಿಂದ ಎಷ್ಟು ಜನ ಓಡಿ ರನ್ ತಂದರು ಅನ್ನೋದು. ಇಆರ್‌ಎ ಕ್ರಿಕೆಟಿನ ಎಕಾನಮಿ ರೇಟ್ ಇದ್ದಹಾಗೆ, ಒಂಬತ್ತು ಇನಿಂಗ್ಸ್‌ಗೆ, ಅಂದ್ರೆ ಒಂದು ಪೂರ್ತಿ ಪಂದ್ಯಕ್ಕೆ, ಎಷ್ಟು ರನ್ ಕೊಟ್ಟ ಅಂತ. ವಿಪ್ ಅಂದ್ರೆ ಪ್ರತಿ ಇನಿಂಗ್ಸಿಗೆ ಎಷ್ಟು ಜನರನ್ನ ಹಿಟ್ ಅಥವಾ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್) ಕೊಟ್ಟು ಬೇಸಿಗೆ ಬಿಟ್ಟ ಅನ್ನೋದು; ಈ ಲೆಕ್ಕವೂ ಓಕ್ರೆಂಟರದ್ದೇ. ಕ್ರಿಕೆಟಿನವರು ಎಡವೋದು ಸರಾಸರಿಯಲ್ಲಿ. .300 ಅಂತ ನೋಡಿ ನಾನು ಮೊದಲು ನಕ್ಕಿದ್ದೆ. ಹತ್ತು ಸಲಕ್ಕೆ ಮೂರು ಸಲ ಹಿಟ್ ಹೊಡೆದರೆ ಇಲ್ಲಿ ಅವನು ದೊಡ್ಡ ಆಟಗಾರ. ಏಳು ಸಲ ಸೋಲೋದು ಮಾಮೂಲು.

ನಮ್ಮದು ವಾರವಾರದ ಜಟಾಪಟಿ. ಸೋಮವಾರದಿಂದ ಭಾನುವಾರದವರೆಗೆ ಒಬ್ಬರ ಎದುರು ಒಬ್ಬರು, ಹತ್ತು ವಿಭಾಗದಲ್ಲಿ ಎಷ್ಟು ಗೆದ್ದಿರೋ ಅಷ್ಟು ಅಂಕ. ತಲೆಗೆ 20 ಡಾಲರ್. ಕಟ್ಟಿದ ಹಣದಲ್ಲಿ ಮೊದಲನೆಯವನಿಗೆ 120, ಎರಡನೆಯವನಿಗೆ 60, ಮೂರನೆಯವನಿಗೆ ಅವನ 20 ವಾಪಸ್. ಕೊನೆಗೆ ಬಂದವನ ತಂಡಕ್ಕೆ ಮುಂದಿನ ವರ್ಷ ಉಳಿದವರು ಹೆಸರಿಡ್ತಾರೆ. ಆ ಹೆಸರುಗಳನ್ನ ಇಲ್ಲಿ ಬರೆಯೋ ಹಾಗಿಲ್ಲ.

ಈಗ ಡ್ರಾಫ್ಟ್. ಆಟಗಾರರನ್ನ ಸರದಿಯಲ್ಲಿ ಆರಿಸೋದು, ಸರದಿ ಹಾವಿನ ಹಾಗೆ ಹೊರಳುತ್ತೆ. ಮೊದಲ ಸುತ್ತಲ್ಲಿ 1ನೆಯವನಾದ್ರೆ ನಿಮ್ಮ ಮುಂದಿನ ಪಾಳಿ 20 ಮತ್ತು 21. 2024ರಲ್ಲಿ ಚೀಟಿ ಎತ್ತಿದಾಗ ನನಗೆ ಬಂದದ್ದು 1. ಯೋಚಿಸೋದೇ ಬೇಕಿರಲಿಲ್ಲ: ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಜೂನಿಯರ್. 2023ರಲ್ಲಿ ಬೇಸುಗಳನ್ನ 15 ಇಂಚಿಂದ 18 ಇಂಚಿಗೆ ಹಿಗ್ಗಿಸಿದರು, ಪಿಚರ್ ಇಷ್ಟೇ ಸೆಕೆಂಡಲ್ಲಿ ಎಸೆಯಬೇಕು ಅಂತ ಗಡಿಯಾರ ಕಟ್ಟಿದರು, ಓಡುವವನನ್ನ ಹಿಡಿಯೋಕೆ ಬೇಸಿನತ್ತ ಎಸೆಯೋದಕ್ಕೂ ಮಿತಿ ಹಾಕಿದರು. ಬೇಸ್ ಕದಿಯೋದು ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಏರಿತು. ಅದೇ ವರ್ಷ ಅಕುನ್ಯಾ 41 ಹೋಮ್ ರನ್ ಹೊಡೆದು 73 ಬೇಸ್ ಕದ್ದ. 40 ಮತ್ತು 70 ಒಟ್ಟಿಗೆ ದಾಟಿದವರು ಅವನಿಗಿಂತ ಮೊದಲು ಯಾರೂ ಇಲ್ಲ. 20ನೇ ಪಾಳಿಗೆ ಸಿನ್ಸಿನಾಟಿಯ ಎಲಿ ಡೆ ಲಾ ಕ್ರೂಸ್ ಸಿಕ್ಕ. ಪಿಟ್ಸ್‌ಬರ್ಗಿನ ಲೀಗ್ ಅಂದಮೇಲೆ ನಮ್ಮೂರ ತಂಡ ಪೈರೇಟ್ಸ್‌ನ ಆಟಗಾರರೆಲ್ಲ ಅವರ ಯೋಗ್ಯತೆಗಿಂತ ಎರಡು ಸುತ್ತು ಮೊದಲೇ ಮಾಯ. ದೊಡ್ಡ ಲೀಗಲ್ಲಿ ಇನ್ನೂ ಒಂದೂ ಪಂದ್ಯ ಆಡಿರದ ಅವರ ಪಿಚರ್ ಪಾಲ್ ಸ್ಕೀನ್ಸ್‌ನನ್ನೂ ನಮ್ಮ ಕಮಿಷನರ್ ಎತ್ತಿಟ್ಟುಕೊಂಡ. ಕಮಿಷನರ್ ಅಂದ್ರೆ ಲೀಗ್ ನಡೆಸುವವನು. ನಮ್ಮಲ್ಲಿ ಟೆಸ್ಟಿಂಗ್ ಟೀಮಿನ ಹುಡುಗ, ಹುಟ್ಟಾ ಪಿಟ್ಸ್‌ಬರ್ಗ್‌ನವನು.

ಹದಿನಾರನೇ ಸುತ್ತಿನ ಹೊತ್ತಿಗೆ ನನಗೆ ಗೊತ್ತಿದ್ದ ಹೆಸರುಗಳೇ ಮುಗಿದಿದ್ದವು. ಪಟ್ಟಿಯಲ್ಲಿ ಕ್ರಿಸ್ ಸೇಲ್ ಅಂತ ಅಟ್ಲಾಂಟಾದ ಒಬ್ಬ ಪಿಚರ್ ಕಾಣಿಸಿದ. 2018ರಲ್ಲಿ ನಾನು ಈ ದೇಶಕ್ಕೆ ಬಂದ ಹೊಸತು, ವರ್ಲ್ಡ್ ಸೀರೀಸ್‌ನ, ಅಂದ್ರೆ ಬೇಸ್‌ಬಾಲ್ ಫೈನಲ್ಲಿನ, ಕೊನೇ ಔಟ್ ಪಡೆದವನು ಅವನೇ, ಟೀವಿಯಲ್ಲಿ ನೋಡಿದ್ದೆ. ಗೊತ್ತಿರೋ ಮುಖ ಅಂತ ಒತ್ತಿದೆ. ಕೋಣೆಯೆಲ್ಲ ನಗು. ವರ್ಷಗಟ್ಟಲೆ ಗಾಯದಲ್ಲೇ ಇದ್ದ ಮನುಷ್ಯ, 35 ದಾಟುವ ವಯಸ್ಸು. ಆ ವರ್ಷ ಅವನು 18 ಗೆಲುವು, 225 ಸ್ಟ್ರೈಕ್‌ಔಟ್, 2.38 ಇಆರ್‌ಎ ಮಾಡಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಹೊಡೆದ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ಆದ್ರೂ ನಾನು ಇವತ್ತಿಗೂ ಬಿಲ್ಡಪ್ ಕೊಡ್ತೀನಿ.

ಮೇ 26, ಭಾನುವಾರ. ಅಟ್ಲಾಂಟಾ ತಂಡ ನಮ್ಮೂರಿಗೇ ಬಂದಿತ್ತು. 'ನನ್ನ' ಆಟಗಾರನನ್ನ ಕಣ್ಣಾರೆ ನೋಡೋಣ ಅಂತ ಹೆಂಡತಿಯನ್ನೂ ಹೊರಡಿಸಿದೆ. ಪೈರೇಟ್ಸ್ ಮೈದಾನ ಪಿಎನ್‌ಸಿ ಪಾರ್ಕ್ ಅಲೆಘೇನಿ ನದಿ ದಂಡೆಯಲ್ಲಿದೆ, ಮೇಲಿನ ಸೀಟಲ್ಲಿ ಕೂತರೆ ಹಳದಿ ಸೇತುವೆ, ಆಚೆ ಪೇಟೆಯ ಕಟ್ಟಡಗಳೆಲ್ಲ ಕಾಣುತ್ತೆ. ಆಟ ಅರ್ಥವಾಗದವರಿಗೂ ಟಿಕೆಟ್ ದುಡ್ಡು ಅಲ್ಲೇ ವಸೂಲು. ಅಕುನ್ಯಾ ಮೊದಲನೇ ಬ್ಯಾಟರ್. ಬಂದವನೇ ಡಬಲ್ ಹೊಡೆದು ಎರಡನೇ ಬೇಸಿಗೆ ನಿಂತ. ನಾನು ಎದ್ದು ಕೂಗಿದೆ, ಸುತ್ತ ಇದ್ದ ಪೈರೇಟ್ಸ್ ಅಂಗಿಯವರೆಲ್ಲ ತಿರುಗಿ ನೋಡಿದರು. ಸ್ವಲ್ಪ ಹೊತ್ತಿಗೆ ಅವನು ಮೂರನೇ ಬೇಸಿನ ಕಡೆ ಹೆಜ್ಜೆ ಹಾಕಿ, ವಾಪಸ್ ತಿರುಗೋಕೆ ಹೋಗಿ, ಕುಸಿದು ಕೂತ. ಯಾರೂ ಮುಟ್ಟಿರಲಿಲ್ಲ. ಎಡ ಮೊಣಕಾಲಿನ ಎಸಿಎಲ್ ಅನ್ನೋ ಲಿಗಮೆಂಟ್ ಹರಿದಿತ್ತು, ಸೀಸನ್ ಪೂರ್ತಿ ಹೋಯ್ತು. ಅದೆಲ್ಲ ಗೊತ್ತಾದದ್ದು ರಾತ್ರಿ. ಆದ್ರೆ ಅವನು ಮೈದಾನ ಬಿಟ್ಟು ಹೋಗೋ ಮೊದಲೇ ನಮ್ಮ ಗ್ರೂಪಿನಲ್ಲಿ ಗುಂಟೂರಿನ ಗೆಳೆಯನ ಮೆಸೇಜ್: "ಅಣ್ಣಾ, ಐಎಲ್ ಸ್ಲಾಟ್ ಖಾಲಿ ಇದ್ಯಾ?" ಐಎಲ್ ಅಂದ್ರೆ ಗಾಯಾಳುಗಳನ್ನ ಇಡೋ ಜಾಗ. ಅವನ ಪಿಚರ್ ಸ್ಪೆನ್ಸರ್ ಸ್ಟ್ರೈಡರ್ ಏಪ್ರಿಲ್‌ನಲ್ಲೇ, ಎರಡೇ ಪಂದ್ಯ ಆಡಿ, ಮೊಣಕೈ ಕಳ್ಕೊಂಡಿದ್ದ. ಆಗ ನಾನೂ ಹೀಗೇ ಕಾಲೆಳೆದಿದ್ದೆ, ಬಡ್ಡಿ ಸಮೇತ ವಾಪಸ್ ಕೊಟ್ಟ.

ಆ ರಾತ್ರಿ ಅಮ್ಮ ಫೋನ್ ಮಾಡಿದಾಗ ನನ್ನ ಧ್ವನಿ ಸಪ್ಪಗಿತ್ತು. ಕಥೆ ಎಲ್ಲ ಕೇಳಿ ಅಮ್ಮ, "ಆಡಿದ್ದು ನೀನಲ್ಲ, ನಿನ್ನ ಊರಿನ ಟೀಮೂ ಅಲ್ಲ, ಮತ್ತೆಂತಕ್ಕೆ ಮಾರಾಯ ನಿಂಗೆ ಬೇಜಾರು?" ಅಂದ್ರು. ಉತ್ತರ ಹೊಳೆಯಲಿಲ್ಲ.

ಬುದ್ಧಿ ಇದ್ದವನು ಮರುದಿನವೇ ಅವನನ್ನ ಕೈಬಿಟ್ಟು ಇನ್ನೊಬ್ಬನನ್ನ ತಗೊಳ್ತಾನೆ. ನಾನು ಒಂದು ತಿಂಗಳು ಐಎಲ್‌ನಲ್ಲೇ ಇಟ್ಟುಕೊಂಡಿದ್ದೆ. ವಾಪಸ್ ಬರಲ್ಲ ಅಂತ ಗೊತ್ತಿದ್ದೂ 'ಡ್ರಾಪ್' ಒತ್ತೋಕೆ ಕೈ ಬರಲಿಲ್ಲ.

ತಪ್ಪು ಆದದ್ದು ಇದಾದಮೇಲೆ. ಜೂನ್‌ನಲ್ಲಿ ತಂಗಿಯ ಸೀಮಂತಕ್ಕೆ ಎರಡು ವಾರ ಊರಿಗೆ ಹೋದೆ. ಹೇಗೂ ಸೋಲ್ತಿದ್ದೀನಿ ಅಂತ ಆ್ಯಪ್ ತೆಗೆಯಲೇ ಇಲ್ಲ. ಗಾಯಗೊಂಡ ಇಬ್ಬರು, ಬೆಂಚಿಗೆ ಬಿದ್ದ ಒಬ್ಬ, ಎಲ್ಲರೂ ನನ್ನ ಆಡುವ ಪಟ್ಟಿಯಲ್ಲಿ ಹಾಗೇ ಕೂತಿದ್ದರು. ಎರಡನೇ ವಾರ ಎದುರಾಳಿ ನನ್ನನ್ನ 9-1ರಿಂದ ಬಡಿದು ನೇರ ಮೊದಲನೇ ಜಾಗಕ್ಕೆ ಏರಿದ. ವಾಪಸ್ ಬಂದಾಗ ಸಿಟ್ಟಾಗಿದ್ದವನು ಸೋತ ನಾನಲ್ಲ, ಆ ಮೊದಲನೇ ಜಾಗದಿಂದ ಇಳಿದವನು. ಊಟದ ಹೊತ್ತಲ್ಲಿ ನನ್ನೆದುರು ಕೂತು ನಿಧಾನಕ್ಕೆ ಹೇಳಿದ: ನೀನು ಸೋಲೋದು ನಿನ್ನಿಷ್ಟ, ಆದ್ರೆ ನಿನ್ನ ಜೊತೆ ನಾನು ಎರಡು ವಾರದ ಹಿಂದೆ ಬೆವರು ಸುರಿಸಿ 6-4 ಮಾಡ್ಕೊಂಡೆ, ಅವನಿಗೆ ಒಂಬತ್ತು ಪುಕ್ಕಟೆ ಕೊಟ್ಟೆ. ಅವನು ಹೇಳಿದ್ದು ಸರಿ. ಹತ್ತು ಜನರ ಲೀಗಲ್ಲಿ ಒಬ್ಬ ಕೈಚೆಲ್ಲಿದರೆ ಉಳಿದ ಒಂಬತ್ತು ಜನರ ಲೆಕ್ಕವೂ ಕೆಟ್ಟುಹೋಗುತ್ತೆ. ಎಷ್ಟೋ ಗೆಳೆಯರ ಲೀಗ್ ಎರಡನೇ ವರ್ಷಕ್ಕೆ ಸಾಯೋದು ಇದರಿಂದಲೇ, ಜಗಳದಿಂದ ಅಲ್ಲ.

ಊರಿಗೆ ಹೋಗೋದೂ ನೆಪ ಆಗಲ್ಲ, ಆಮೇಲೆ ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಇಲ್ಲಿಗೂ ಶಿವಮೊಗ್ಗಕ್ಕೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ಸಂಜೆ 7ರ ಪಂದ್ಯ ಅಲ್ಲಿ ಬೆಳಗಿನ ಜಾವ 4.30. ರಾತ್ರಿ ಊಟ ಮುಗಿಸಿ ಮಲಗೋ ಮುಂಚೆ ನೋಡಿದರೆ ಸಾಕಿತ್ತು.

ಹೊತ್ತಿನ ಬಗ್ಗೆ ಕೇಳಿದ್ರಲ್ಲ: ದಿನಕ್ಕೆ ಐದು ನಿಮಿಷ, ಭಾನುವಾರ ಅರ್ಧ ಗಂಟೆ. ಭಾನುವಾರವೇ ಮಜಾ. ಇಆರ್‌ಎ, ವಿಪ್‌ನಲ್ಲಿ ನೀವು ಕೂದಲೆಳೆಯಷ್ಟು ಮುಂದಿದ್ದರೆ ಆ ದಿನದ ಪಿಚರ್‌ನನ್ನ ಬೆಂಚಿಗೆ ಹಾಕಿ ಇದ್ದದ್ದನ್ನ ಕಾಪಾಡ್ಕೋಬಹುದು. ಗೆಲುವು, ಸ್ಟ್ರೈಕ್‌ಔಟ್ ಬೇಕಾದ್ರೆ ಆಡಿಸಲೇಬೇಕು. ಹೆದರಿಕೆ ದುರಾಸೆ ಎರಡೂ ಒಟ್ಟಿಗೆ ಕೂತಿರುತ್ತೆ. ಒಂದು ಮಾತು ಮಾತ್ರ ಕಣ್ಣುಮುಚ್ಚಿ ಪಾಲಿಸಿ: ಡೆನ್ವರ್‌ನಲ್ಲಿ ಆಡೋ ಪಿಚರ್‌ನನ್ನ ಹಾಕಬೇಡಿ. ಆ ಊರು ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಹೊಡೆದ ಚೆಂಡು ಹಾರಿಹೋಗುತ್ತೆ. ಇದನ್ನ ನನಗೆ ಯಾರೂ ಹೇಳಿರಲಿಲ್ಲ, ಒಂದು ವಾರದ ಇಆರ್‌ಎ ತೆತ್ತು ತಿಳ್ಕೊಂಡೆ.

ಜುಲೈಯಿಂದ ನಾನು ಒಂದು ದಿನವೂ ತಪ್ಪಿಸಲಿಲ್ಲ. ಸೇಲ್ ಗೆಲ್ಲುತ್ತಾ ಹೋದ, ಡೆ ಲಾ ಕ್ರೂಸ್ ವರ್ಷಕ್ಕೆ 67 ಬೇಸ್ ಕದ್ದ. ಒಂಬತ್ತನೇ ಜಾಗದಲ್ಲಿದ್ದವನು ಆರನೆಯವನಾಗಿ ಪ್ಲೇಆಫ್‌ಗೆ ತೂರಿಕೊಂಡೆ, ಮೊದಲ ವಾರ ಗೆದ್ದೂಬಿಟ್ಟೆ. ಸೆಮಿಫೈನಲ್ಲಿಗೆ ಎದುರಾಳಿ ಕಮಿಷನರ್. ಅವನ ಬಳಿ ಲಾಸ್ ಏಂಜಲೀಸ್ ಡಾಜರ್ಸ್‌ನ ಶೊಹೇ ಒಹ್ಟಾನಿ, ಪಿಚಿಂಗ್ ಬ್ಯಾಟಿಂಗ್ ಎರಡೂ ಬಲ್ಲವನು. ಮೊಣಕೈ ಸರ್ಜರಿಯಿಂದಾಗಿ ಒಹ್ಟಾನಿ ಆ ವರ್ಷ ಪಿಚ್ ಮಾಡೋ ಹಾಗಿರಲಿಲ್ಲ, ಬರೀ ಬ್ಯಾಟಿಂಗ್. ಗುರುವಾರ, ಸೆಪ್ಟೆಂಬರ್ 19ರ ಹೊತ್ತಿಗೆ ನಾನು 6-4 ಮುಂದೆ. ಮಯಾಮಿಯಲ್ಲಿ ಒಹ್ಟಾನಿಯ ಸಂಜೆಯ ಪಂದ್ಯ ಆಫೀಸ್ ಬಿಡೋ ಹೊತ್ತಿಗೇ ಶುರುವಾಯ್ತು, ನಾನು ಮೀಟಿಂಗಿನಲ್ಲಿದ್ದೆ. ಮೇಜಿನ ಮೇಲೆ ಮಗುಚಿಟ್ಟ ಫೋನ್ ಗುಂಯ್‌ಗುಟ್ಟುತ್ತಲೇ ಇತ್ತು. ಆರು ಸಲ ಬ್ಯಾಟ್ ಹಿಡಿದು ಆರೂ ಸಲ ಹಿಟ್, ಮೂರು ಹೋಮ್ ರನ್, 10 ಆರ್‌ಬಿಐ, ಎರಡು ಕದ್ದ ಬೇಸ್. ಒಂದೇ ಸೀಸನ್ನಿನಲ್ಲಿ 50 ಹೋಮ್ ರನ್ ಮತ್ತು 50 ಕದ್ದ ಬೇಸ್ ಎರಡನ್ನೂ ಮುಟ್ಟಿದ ಮೊದಲಿಗ. ಮೀಟಿಂಗ್ ಮುಗಿಸಿ ನೋಡಿದರೆ ಬ್ಯಾಟಿಂಗಿನ ಐದೂ ವಿಭಾಗ ಕಮಿಷನರ್ ಕಡೆ. ಎದುರು ಮೇಜಿನಿಂದ ಅವನು ಏನೂ ಮಾತಾಡದೆ ಹೆಗಲು ಕುಣಿಸಿದ. ನಿಜ ಹೇಳ್ತೀನಿ, ಮನೆಗೆ ಹೋಗಿ ಆ ಹೋಮ್ ರನ್‌ಗಳನ್ನ ನಾನೂ ಮೂರು ಸಲ ನೋಡಿದೆ.

ಉಳಿದದ್ದು ಮೂರನೇ ಜಾಗ, ಅಂದ್ರೆ ಕಟ್ಟಿದ 20 ಡಾಲರ್. ಎದುರಾಳಿ ಗುಂಟೂರಿನವನು. ನನ್ನ ನಂಬಿಕೆಯೆಲ್ಲ ಸೇಲ್ ಮೇಲೆ, ಅಟ್ಲಾಂಟಾದಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧ. ಆ ವಾರವೇ ಹೆಲೀನ್ ಚಂಡಮಾರುತ ಬಂತು. 25 ಮತ್ತು 26ರ ಎರಡೂ ಪಂದ್ಯಗಳನ್ನ ಮುಂದಿನ ಸೋಮವಾರಕ್ಕೆ, 30ಕ್ಕೆ ತಳ್ಳಿದರು. ನಮ್ಮ ವಾರ ಭಾನುವಾರ ರಾತ್ರಿಗೇ ಮುಗೀತು. ನಾನು ನಾಲ್ಕು ಸ್ಟ್ರೈಕ್‌ಔಟ್ ಕಡಿಮೆ ಇದ್ದೆ, 4-5-1ರಲ್ಲಿ, ಅಂದ್ರೆ ನಾಲ್ಕು ಗೆದ್ದು ಐದು ಸೋತು ಒಂದು ಸಮ ಮಾಡಿ, ಸೋತೆ. ಸೋಮವಾರ ಸೇಲ್ ಆಡಿದ್ದರೆ ಹೊಟ್ಟೆ ಉರ್ಕೋಬಹುದಿತ್ತು. ಬೆನ್ನು ಹಿಡ್ಕೊಂಡು ಅವತ್ತೂ ಇಳಿಯಲಿಲ್ಲ.

ಆ 20 ಡಾಲರ್ ನೋಟನ್ನ ಅವನು ಇವತ್ತಿಗೂ ಮಾನಿಟರ್‌ಗೆ ಅಂಟಿಸಿಟ್ಟಿದ್ದಾನೆ.

ನೀವು ಸೇರೋದಾದ್ರೆ ಡ್ರಾಫ್ಟ್ ತಾರೀಖು ಈಗಲೇ ಕೇಳಿಟ್ಕೊಳ್ಳಿ. ಬಹಳ ವರ್ಷ ಅದು ಯುಗಾದಿಯ ಆಸುಪಾಸಲ್ಲೇ ಬರುತ್ತೆ, ಮೂರು ಗಂಟೆ ಹಿಡಿಯುತ್ತೆ, ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.