ತಂಗಿಗೆ ಬರೆದುಕೊಟ್ಟ ಪ್ರತಿ

ಲೇಖಕರು ಸ್ವಂತ ತಂಗಿಗೆ ಸೈನ್ ಮಾಡಿ ಕೊಟ್ಟ ಆತ್ಮಕಥೆ ಸಿಕ್ಕಿದೆ, ಒಳಗಿನ ಇಂಕ್ ಬರಹ ತೆಗೆಸಿ ಕ್ಲೀನ್ ಮಾಡಿಸ್ಲಾ ಅಂತ ಕೇಳಿದ್ರಲ್ಲ, ದಯವಿಟ್ಟು ಮುಟ್ಟಕ್ಕೇ ಹೋಗ್ಬೇಡಿ ಸಾರ್, ಬೆಲೆ ಇರೋದೇ ಆ ಬರಹಕ್ಕೆ! ಯಾರೋ ಗೊತ್ತಿಲ್ದೋರ ಹೆಸರಿದ್ರೆ ಬೆಲೆ ಇಳಿಯತ್ತೆ, ಮನೆಯವರದ್ದಾದ್ರೆ ಲೆಕ್ಕಾನೇ ಬೇರೆ. ಆದ್ರೆ ಮಾರಿದವ್ರ ಬಾಯಿಮಾತು ಸಾಲಲ್ಲ, ಲೇಖಕರದ್ದೇ ಅಂತ ಖಚಿತವಾಗಿರೋ ಕಾಗದದ ಜೊತೆ ಅಕ್ಷರ ಹೋಲಿಸಿ ನೋಡಿ, ತಂಗಿ ಹೆಸರು ಪುಸ್ತಕದೊಳಗೂ ಬರತ್ತಾ ಹುಡುಕಿ. ಇದು ಮೊದಲ ಮುದ್ರಣವಾ ಅಂತಾನೂ ನೋಡಿ, ಕಾಪಿರೈಟ್ ಪುಟದಲ್ಲಿ ಅಂಕಿ ಸಾಲು (ಎಷ್ಟನೇ ಮುದ್ರಣ ಅಂತ ತೋರಿಸೋ ಅಂಕಿಗಳು) ಇದ್ರೆ ಸಾಮಾನ್ಯವಾಗಿ ಮೊದಲ ಮುದ್ರಣದಲ್ಲಿ 1 ಇರತ್ತೆ, ತೀರಾ ಹಳೇ ಪುಸ್ತಕಗಳಲ್ಲಿ ಆ ಸಾಲೇ ಇರಲ್ಲ. ಜಾಕೆಟ್, ಅಂದ್ರೆ ಪುಸ್ತಕದ ಮೇಲಿನ ಕಾಗದದ ಹೊದಿಕೆ, ಹರಿದಿದ್ರೂ ಸೆಲೋಟೇಪ್ ಮಾತ್ರ ಬೇಡ, ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯತ್ತೆ, ನಾನೇ ಒಂದು ಹಾಳು ಮಾಡ್ಕೊಂಡಿದೀನಿ. ಕೊಂಡ ರಸೀದಿ, ಪುಟದ ನಡುವೆ ಸಿಕ್ಕ ಚೀಟಿ ಯಾವ್ದೂ ಎಸೀಬೇಡಿ.