ಗಾಡಿ ಪ್ರಶ್ನೋತ್ತರ: ಆರ್‌ಎಕ್ಸ್ 100 ಬ್ಲಾಕಿಗೆ ಫೈಲ್ ಹಾಕೋಕೆ ಮುಂಚೆ

ಪ್ರಶ್ನೆ: ಸರ್, ನಮ್ಮಪ್ಪಂದು 1993ರ ಯಮಹಾ ಆರ್‌ಎಕ್ಸ್ 100, ಎಂಟ್ಹತ್ತು ವರ್ಷದಿಂದ ಶೆಡ್ಡಲ್ಲಿ ನಿಂತಿತ್ತು. ಈಗ ಎಂಜಿನ್ ಪೂರ್ತಿ ಮಾಡ್ಸಿ ಒಳ್ಳೆ ಸ್ಪೀಡ್ ಬರೋ ಹಾಗೆ ಮಾಡ್ಬೇಕು. ಮೆಕ್ಯಾನಿಕ್ಕು ಪೋರ್ಟಿಂಗ್ ಮಾಡಿ ದೊಡ್ಡ ಕಾರ್ಬುರೇಟರ್ ಕೂರ್ಸೋಣ ಅಂತಾರೆ. ಎಲ್ಲಿಂದ ಶುರು ಮಾಡ್ಲಿ?
(ಓದುಗರು, ಹಾಸನ)

ಉತ್ತರ: ಪೋರ್ಟಿಂಗ್, ಅಂದ್ರೆ ಬ್ಲಾಕಿನ (ಸಿಲಿಂಡರಿನ) ಗೋಡೇಲಿರೋ ಪೋರ್ಟು ಅನ್ನೋ ತೂತುಗಳನ್ನ ಉಜ್ಜಿ ದೊಡ್ಡದು ಮಾಡೋದು, ಕೊನೆಗಿರ್ಲಿ, ಮೊದಲು ಕ್ರ್ಯಾಂಕ್ ಬಿಚ್ಸಿ. ಆರ್‌ಎಕ್ಸ್ 100 ಟೂ ಸ್ಟ್ರೋಕ್ ಗಾಡಿ. ಟೂ ಸ್ಟ್ರೋಕಲ್ಲಿ ಪೆಟ್ರೋಲು ಗಾಳಿ ಎರಡೂ ಮೊದಲು ಕ್ರ್ಯಾಂಕ್‌ಕೇಸ್ (ಕೆಳಗೆ ಕ್ರ್ಯಾಂಕ್ ಕೂರೋ ಡಬ್ಬಿ) ಒಳಗೆ ಹೋಗಿ ಅಲ್ಲಿಂದ ಬ್ಲಾಕಿಗೆ ಏರೋದು, ಹಾಗಾಗಿ ಕೇಸಲ್ಲಿ ಒಂಚೂರು ಲೀಕಿದ್ರೂ ಮೇಲೆ ನೀವು ಏನೇ ಟ್ಯೂನಿಂಗ್ ಮಾಡ್ಸಿದ್ರೂ ದುಡ್ಡು ದಂಡ. ಅಷ್ಟು ವರ್ಷ ನಿಂತ ಗಾಡೀಲಿ ಆಯಿಲ್ ಸೀಲು ಒಣಗಿ ಗಟ್ಟಿ ಆಗಿರುತ್ತೆ. ಮ್ಯಾಗ್ನೆಟ್ ಕಡೆ ಸೀಲ್ ಹೋಗಿದ್ರೆ ಹೊರಗಿನ ಗಾಳಿ ಎಳ್ಕೊಂಡು ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗುತ್ತೆ, ಸ್ಲೋ ಸ್ಪೀಡ್ ತಾನಾಗೇ ಏರುತ್ತೆ, ಒಂದಿನ ಪಿಸ್ಟನ್ ಹಿಡ್ಕೊಳ್ಳುತ್ತೆ. ಕ್ಲಚ್ ಕಡೇದು ಹೋಗಿದ್ರೆ ಗೇರ್ ಆಯಿಲ್ ಕುಡಿದು ಬಿಳಿ ಹೊಗೆ ಬಿಡುತ್ತೆ. ಎರಡೂ ಸೀಲು, ಎರಡೂ ಬೇರಿಂಗು ಹೊಸದು ಹಾಕ್ಸಿ, ಕನೆಕ್ಟಿಂಗ್ ರಾಡ್ ಆಟ ಇದ್ರೆ ಅದನ್ನೂ ಬದ್ಲಾಯ್ಸಿ.

ಇನ್ನು ಬೋರು, ಅಂದ್ರೆ ಸಿಲಿಂಡರಿನ ಒಳಗಿನ ಅಗಲ; ಸ್ಟ್ರೋಕ್ ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ. ಈ ಎಂಜಿನ್ನಿಗೆ ಬೋರ್ 50 ಎಂಎಂ, ಸ್ಟ್ರೋಕ್ 50 ಎಂಎಂ, 98 ಸಿಸಿ, ಕಂಪನಿ ಹೇಳ್ತಿದ್ದ ಪವರ್ ಸುಮಾರು 11 ಎಚ್‌ಪಿ. 1 ಎಂಎಂ ಓವರ್‌ಸೈಜ್ ಪಿಸ್ಟನ್ ಹಾಕಿದ್ರೂ ಆಗೋದು 102 ಸಿಸಿ ಅಷ್ಟೇ, ಅದ್ರಿಂದ ಸ್ಪೀಡ್ ಬರಲ್ಲ, ಸವೆದ ಬ್ಲಾಕು ಸರಿಹೋಗುತ್ತೆ. ಬೋರ್ ಮಾಡ್ಸಿದ್ಮೇಲೆ ಪೋರ್ಟಿನ ಅಂಚು ಬ್ಲೇಡ್ ಥರ ಚೂಪಾಗಿರುತ್ತೆ, ಅದನ್ನ ಸಣ್ಣಗೆ ಉಜ್ಜಿ ಮೊಂಡು ಮಾಡ್ದೇ ಕೂರಿಸಿದ್ರೆ ರಿಂಗು ಸಿಕ್ಕಾಕ್ಕೊಂಡು ಮುರಿಯುತ್ತೆ, ಲೇತಿನವ್ರಿಗೆ ಇದನ್ನ ಬಾಯ್ಬಿಟ್ಟು ಹೇಳಿ.

ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಕೂರಿಸಿದ್ಮೇಲೆ ಒಂದು ಕೆಲಸ ನಿಮ್ಮ ಕೈಯಾರೆ ಮಾಡಿ. ಪ್ಲಗ್ ತೂತಿನಿಂದ ಬೆಸುಗೆ ಹಾಕೋ ಸೋಲ್ಡರ್ ವೈರ್ ಒಳಗಿಟ್ಟು, ತುದಿ ಸಿಲಿಂಡರ್ ಗೋಡೆಗೆ ತಾಗೋ ಹಾಗೆ, ಪಿಸ್ಟನ್ ಪಿನ್ನಿನ ಸಾಲಲ್ಲೇ, ನಿಧಾನಕ್ಕೆ ಕಿಕ್ಕರ್ ಒತ್ತಿ. ವೈರು ಎಷ್ಟು ಚಪ್ಪಟೆ ಆಯ್ತು ಅಂತ ವರ್ನಿಯರಲ್ಲಿ ಅಳೆದ್ರೆ ಅದೇ ಸ್ಕ್ವಿಶ್ ಗ್ಯಾಪು, ಅಂದ್ರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ಮಧ್ಯೆ ಉಳಿಯೋ ಜಾಗ. 1 ಎಂಎಂ ಹತ್ರ ಬಂದ್ರೆ ಚೆನ್ನಾಗಿರುತ್ತೆ, 0.8ಕ್ಕಿಂತ ಕೆಳಗೆ ಹೋಗ್ಬೇಡಿ, ಹೈ ಆರ್‌ಪಿಎಂನಲ್ಲಿ ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುತ್ತೆ. ಜಾಸ್ತಿ ಇದ್ರೆ ಹೆಡ್ ಲೇತಲ್ಲಿ ಸ್ವಲ್ಪ ತೆಗೆಸಿ. ಕಮ್ಮಿ ಖರ್ಚಲ್ಲಿ ಸಿಗೋ ಪಿಕಪ್ಪು ಅಂದ್ರೆ ಇದೇ, ಆದ್ರೆ ಬಹಳ ಜನ ಇದನ್ನ ನೋಡೋದೇ ಇಲ್ಲ.

ಇಷ್ಟಾಗಿ ಒಂದೆರಡು ಸಾವಿರ ಕಿಲೋಮೀಟರ್ ಓಡ್ಸಿದ್ಮೇಲೂ ಬೇಕು ಅನ್ಸಿದ್ರೆ ಪೋರ್ಟಿಂಗ್. ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಗೆ ಹೋಗೋ ತೂತಿನ) ಮೇಲಂಚು 1 ಎಂಎಂ ಎತ್ತಿದ್ರೆ ಪೋರ್ಟು ತೆರೆದಿರೋ ಹೊತ್ತು, ಕ್ರ್ಯಾಂಕ್ ತಿರುಗೋ ಲೆಕ್ಕದಲ್ಲಿ, ನಾಕೈದು ಡಿಗ್ರಿ ಜಾಸ್ತಿಯಾಗುತ್ತೆ, ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತೆ, ಕೆಳಗೆ ಗಾಡಿ ಸತ್ತಂಗಿರುತ್ತೆ, ಡಬಲ್ಸಲ್ಲಿ ಏರು ಹತ್ತುವಾಗ ಗೊತ್ತಾಗುತ್ತೆ. ಉಜ್ಜಿ ತೆಗೆದ ಕಬ್ಬಿಣ ವಾಪಸ್ ಬರಲ್ಲ. ನಿಮ್ಮಪ್ಪನ ಗಾಡಿಯ ಒರಿಜಿನಲ್ ಬ್ಲಾಕ್ ಮುಟ್ಟಬೇಡಿ, ಪೋರ್ಟಿಂಗಿಗೆ ಬೇರೆ ಹಳೇ ಬ್ಲಾಕ್ ಹುಡುಕಿ ಅಂತ ನಾನು ಕೈಮುಗಿದು ಕೇಳ್ಕೊಳ್ತೀನಿ. ದೊಡ್ಡ ಕಾರ್ಬುರೇಟರ್ ಮಾತು ಅದಾದ್ಮೇಲೆ.

ಪ್ರಶ್ನೆ: ಸೈಲೆನ್ಸರ್ ಒಳಗಿನ ಬಫಲ್ ಕಿತ್ತಾಕಿದ್ರೆ ಸ್ಪೀಡ್ ಬರುತ್ತೆ ಅಂತಾರೆ, ನಿಜಾನಾ?
(ಓದುಗರು, ಶಿವಮೊಗ್ಗ)

ಉತ್ತರ: ಬಫಲ್ ಅಂದ್ರೆ ಸೌಂಡ್ ತಗ್ಗಿಸೋ ಒಳಗಿನ ಕೊಳವೆ, ಅದನ್ನ ಕಿತ್ರೆ ಬರೋದು ಸೌಂಡು. ಟೂ ಸ್ಟ್ರೋಕಿನ ಸೈಲೆನ್ಸರ್ ಎಂಜಿನ್ನಿನದೇ ಒಂದು ಭಾಗ. ಎಕ್ಸಾಸ್ಟಿಂದ ಹೊರಟ ಒತ್ತಡದ ಅಲೆ ಸೈಲೆನ್ಸರಲ್ಲಿ ಹಿಂದೆ ಕಿರಿದಾಗೋ ಕೋನಿಗೆ ಬಡಿದು ವಾಪಸ್ ಬಂದು, ಪೋರ್ಟು ಮುಚ್ಚೋ ಹೊತ್ತಿಗೆ ಸರಿಯಾಗಿ, ಹೊರಗೆ ಜಾರಿ ಹೋಗ್ತಿರೋ ಹೊಸ ಮಿಕ್ಸ್ಚರನ್ನ ಒಳಗೆ ತಳ್ಳಬೇಕು. ಪೂರ್ವ ಜರ್ಮನಿಯ ಎಂಜೆಡ್ ಕಂಪನೀಲಿ ವಾಲ್ಟರ್ ಕಾಡೆನ್ ಅನ್ನೋ ಎಂಜಿನಿಯರ್ 1950ರ ದಶಕದಲ್ಲಿ ಇದರ ಮೇಲೇ ಕೂತು ಕೆಲಸ ಮಾಡಿ 1961ರ ಹೊತ್ತಿಗೆ 125 ಸಿಸಿಯಿಂದ 25 ಎಚ್‌ಪಿ ತೆಗೆದ್ರು, ಅಂದ್ರೆ ಲೀಟರಿಗೆ 200. ಅದೇ ವರ್ಷ ಅವರ ರೈಡರ್ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರ್ಕೊಂಡ್ರು, ವಿದ್ಯೆ ಜಪಾನಿಗೆ ಹೋಯ್ತು, 1962ರಲ್ಲಿ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್. ಅಷ್ಟು ಲೆಕ್ಕ ಇದೆ ಆ ತಗಡಿನ ಕೊಳವೇಲಿ. ಎಕ್ಸ್‌ಪಾನ್ಶನ್ ಚೇಂಬರ್ (ಈ ಅಲೆ ಲೆಕ್ಕಕ್ಕೇ ಮಾಡೋ ಸೈಲೆನ್ಸರ್) ಹಾಕೋದಾದ್ರೆ ನಿಮ್ಮ ಪೋರ್ಟ್ ಟೈಮಿಂಗಿಗೆ, ಅಂದ್ರೆ ಪೋರ್ಟು ತೆರೆದು ಮುಚ್ಚೋ ಹೊತ್ತಿಗೆ, ಅಳತೆ ಮಾಡಿ ಕಟ್ಟಿದ್ದು ಹಾಕಿ, ಇಲ್ಲಾಂದ್ರೆ ಕಂಪನಿ ಸೈಲೆನ್ಸರನ್ನೇ ಬಿಚ್ಚಿ ಕಾರ್ಬನ್ ಸುಟ್ಟು ಕ್ಲೀನ್ ಮಾಡ್ಸಿ, ಅಷ್ಟಕ್ಕೇ ಎಷ್ಟೋ ಗಾಡಿಗೆ ಜೀವ ಬರುತ್ತೆ.

ಪ್ರಶ್ನೆ: ಎಂಜಿನ್ ಕೆಲಸ ಮಾಡ್ಸಿ ಸ್ಪೀಡ್ ಚೆನ್ನಾಗಿತ್ತು, ಹೈವೇಲಿ ಫುಲ್ ಥ್ರಾಟಲ್ ಇಟ್ಟಾಗ ಪಿಸ್ಟನ್ ಹಿಡ್ಕೊಂಡು ಸೀಜ್ ಆಯ್ತು. ಆಯಿಲ್ ಜಾಸ್ತಿನೇ ಹಾಕಿದ್ದೆ.
(ಓದುಗರು, ಚಿತ್ರದುರ್ಗ)

ಉತ್ತರ: ಕೆಲಸ ಆದ್ಮೇಲೆ ಮೇನ್ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಬಿಡಿಭಾಗ) ಬದ್ಲಾಯ್ಸಿದ್ರಾ? ನೀವು ಬರೆದಿಲ್ಲ, ಇಲ್ಲ ಅಂತಲೇ ಅನ್ಕೊಳ್ತೀನಿ. ಪೆಟ್ರೋಲಲ್ಲಿ ಆಯಿಲ್ ಜಾಸ್ತಿ ಬೆರೆಸಿದ್ರೆ ಅದೇ ಜೆಟ್ಟಲ್ಲಿ ಹೋಗೋ ಪೆಟ್ರೋಲು ಕಮ್ಮಿಯಾಗುತ್ತೆ, ಅಂದ್ರೆ ಲೀನ್ ಆಗೋಕೆ ಅದೂ ಕಾರಣ. ಮೇಲಾಗಿ ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಇರೋ ಪೆಟ್ರೋಲು, ಅದಕ್ಕೆ ಅಷ್ಟೇ ಗಾಳಿಗೆ ಏಳೆಂಟು ಪರ್ಸೆಂಟ್ ಹೆಚ್ಚು ಇಂಧನ ಬೇಕು. ಎರಡು ಮೂರು ಸೈಜ್ ದೊಡ್ಡ ಜೆಟ್ ಹಾಕಿ, ಮೇಲಿನ ಆರ್‌ಪಿಎಂನಲ್ಲಿ ಗಾಡಿ ಗೊರಗೊರ ಅನ್ನೋಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಇಟ್ಟು ಅಲ್ಲಿಂದ ಒಂದೊಂದೇ ಸೈಜ್ ಇಳೀರಿ. ಪ್ರತಿ ಸಲ ಖಾಲಿ ರೋಡಲ್ಲಿ ಟಾಪ್ ಗೇರಲ್ಲಿ ಎಳೆದು, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ: ಕಂದು ಬಣ್ಣ ಸರಿ, ಬಿಳಿ ಇದ್ರೆ ತಕ್ಷಣ ದೊಡ್ಡ ಜೆಟ್ಟಿಗೆ ವಾಪಸ್. ಆಯಿಲ್ ಲೀಟರಿಗೆ 30 ಎಂಎಲ್ ಸಾಕು, ಒಳ್ಳೇ ಟೂಟಿ (ಟೂ ಸ್ಟ್ರೋಕ್) ಆಯಿಲ್ಲೇ ಹಾಕಿ. ಮಿಕ್ಸ್ ಮಾಡಿ ಓಡ್ಸೋರು ಘಾಟಿ ಇಳೀವಾಗ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಲ್ಲೇ ಬರ್ಬೇಡಿ, ಪೆಟ್ರೋಲ್ ನಿಂತ್ರೆ ಆಯಿಲ್ಲೂ ನಿಲ್ಲುತ್ತೆ, ಆಗಾಗ ಸ್ವಲ್ಪ ಥ್ರಾಟಲ್ ಕೊಡ್ತಾ ಇಳೀರಿ.

ಫ್ರಂಟ್ ಬ್ರೇಕ್ ಶೂ ಹೊಸದು ಹಾಕ್ಸಿದ್ದೀರಾ ಅಂತ ಮೂರೂ ಜನ ಬರೆದಿಲ್ಲ. ಹಾಕ್ಸಿ, ಆಮೇಲೆ ಎಳೀರಿ.