ಕೇಳಿ, ಹೇಳುತ್ತೇವೆ: ಚಾಕುವಿನ ಕೋಟಿಂಗ್ ತೆಗೆಯುವ ಕೆಲಸ

ಪ್ರಶ್ನೆ: ಕಪ್ಪು ಕೋಟಿಂಗ್ ಇರುವ ದಪ್ಪ ಅಲಗಿನ ಚಾಕು ನನ್ನ ಬಳಿ ಇದೆ, ಹಿತ್ತಲ ಕೆಲಸಕ್ಕೆ ಬಳಸುತ್ತೇನೆ. ಕೋಟಿಂಗ್ ಅಲ್ಲಲ್ಲಿ ಎದ್ದು ಸಿಪ್ಪೆಯಂತೆ ಉದುರುತ್ತಿದೆ. ಪೂರ್ತಿ ತೆಗೆದು ಉಕ್ಕನ್ನೇ ಹೊಳಪು ಮಾಡಿಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ?
(ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅಂಗಡಿಗೆ ಹೋಗುವುದಕ್ಕಿಂತ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಮೇಲಿನ ಕೋಟಿಂಗ್ ಯಾವುದು, ಒಳಗಿನ ಉಕ್ಕು ಯಾವುದು. ಈ ಕೆಲಸದಲ್ಲಿ ಕೆಡುವ ಚಾಕುಗಳಲ್ಲಿ ಹೆಚ್ಚಿನವು ಕೆಡುವುದು ಇದನ್ನು ನೋಡದೆ ಕೈ ಹಾಕಿದ್ದಕ್ಕೆ.

ಅಲಗಿನ ಬೆನ್ನಿನ ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ ಥಿನ್ನರ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಹತ್ತಿಗೆ ಕಪ್ಪು ಹತ್ತಿದರೆ ಅದು ಸಾದಾ ಬಣ್ಣ. ಏನೂ ಆಗದೆ, ಸೂಜಿಯಿಂದ ಗೀರಿದಾಗ ದಪ್ಪ ಪದರ ಚೂರುಚೂರಾಗಿ ಎದ್ದರೆ ಪೌಡರ್ ಕೋಟಿಂಗ್ ಅಥವಾ ಎಪಾಕ್ಸಿ. ಸಿಪ್ಪೆಯಂತೆ ಉದುರುತ್ತಿದೆ ಎಂದಿದ್ದೀರಿ, ಹಾಗಾಗಿ ನಿಮ್ಮದು ಬಹುಶಃ ಇದೇ. ಪದರವೇ ಇಲ್ಲದೆ ಉಕ್ಕೇ ಕಪ್ಪಾದಂತೆ ಕಂಡು, ಒಂದು ಹನಿ ಲಿಂಬೆರಸಕ್ಕೆ ಬಣ್ಣ ತೆಳುವಾದರೆ ಅದು ಬ್ಲ್ಯಾಕ್ ಆಕ್ಸೈಡ್. ಅದಕ್ಕೆ ಪೇಂಟ್ ರಿಮೂವರ್ (ಬಣ್ಣ ಕರಗಿಸಿ ತೆಗೆಯುವ ದ್ರಾವಣ) ಬೇಡ, ಬೆಚ್ಚಗಿನ ವಿನೆಗರ್ ಸಾಕು.

ಉಕ್ಕನ್ನು ಅಯಸ್ಕಾಂತದಿಂದ ಪರೀಕ್ಷಿಸಲು ಹೋಗಬೇಡಿ. ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಕೋಟಿಂಗ್ ಹೋದ ಜಾಗವನ್ನು ಉಜ್ಜಿ ಬೆಳ್ಳಗೆ ಮಾಡಿ, ಲಿಂಬೆರಸದ ಹನಿ ಇಟ್ಟು ಕಾಲು ಗಂಟೆ ಬಿಡಿ. ಒರೆಸಿದಾಗ ಬೂದು ಕಲೆ ಉಳಿದಿದ್ದರೆ ಕಾರ್ಬನ್ ಉಕ್ಕು. ಅಂಥದರ ಕೋಟಿಂಗ್ ತೆಗೆದರೆ ಮುಂದೆ ತುಕ್ಕಿನಿಂದ ಕಾಯುವ ಕೆಲಸ ನಿಮ್ಮದೇ. ಅದಕ್ಕೆ ಮನಸ್ಸಿಲ್ಲದಿದ್ದರೆ ಈಗಿನ ಕೋಟಿಂಗನ್ನು ಹಾಗೇ ಬಿಡುವುದು ಒಳ್ಳೆಯದು.

ಇನ್ನು ಕೆಲಸಕ್ಕೆ ಬರೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ರಿಮೂವರ್ ಎಂದೇ ಕೇಳಿ. ಎಂಟು ಇಂಚಿನ ಅಲಗಿಗೆ ಎರಡು ಸಲ ಹಚ್ಚಲು 50 ಮಿಲಿ ಸಾಕು, ಇರುವ ಅತಿ ಚಿಕ್ಕ ಡಬ್ಬಿ ತನ್ನಿ. ಹಲವು ರಿಮೂವರ್‌ಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಅದರ ಹಬೆ ಉಸಿರಿನಲ್ಲಿ ಹೋದರೆ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬಟ್ಟೆಯ ಮಾಸ್ಕ್ ಆಗಲಿ ಎನ್95 ಆಗಲಿ ಈ ಹಬೆಯನ್ನು ತಡೆಯುವುದಿಲ್ಲ. ಆದ್ದರಿಂದ ಬಚ್ಚಲು, ಅಡುಗೆಮನೆ, ಬಾಗಿಲು ಹಾಕಿದ ವರಾಂಡ ಯಾವುದೂ ಬೇಡ. ಅಂಗಳದಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ಕೂತು, ಹತ್ತಿರದಲ್ಲಿ ಬೆಂಕಿ ಇಲ್ಲದಂತೆ ಮಾಡಿ. ಆಸ್ಪತ್ರೆಯ ತೆಳು ಕೈಗವಸನ್ನು ಇದು ನಿಮಿಷಗಳಲ್ಲಿ ದಾಟುತ್ತದೆ. ದಪ್ಪ ರಬ್ಬರಿನದು ಹಾಕಿಕೊಳ್ಳಿ. ಒಳಗೆ ಚುರುಗುಟ್ಟಿದರೆ ತಕ್ಷಣ ತೆಗೆದು ಕೈ ತೊಳೆಯಿರಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಹಿಡಿಕೆ ಸ್ಕ್ರೂ ಹಾಕಿದ್ದಾದರೆ ಬಿಚ್ಚಿ ಬದಿಗಿಡಿ. ರಿವಿಟ್ ಹೊಡೆದಿದ್ದರೆ ಹಿಡಿಕೆಯಿಂದ ಒಂದು ಬೆರಳು ದೂರಕ್ಕೇ ರಿಮೂವರ್ ನಿಲ್ಲಿಸಿ, ಉಳಿದದ್ದನ್ನು ಎಮರಿ ಪೇಪರಿನಿಂದ ತೆಗೆಯಿರಿ. ರಿಮೂವರ್ ಪ್ಲಾಸ್ಟಿಕ್ ಹಿಡಿಕೆಯನ್ನು ಕರಗಿಸುತ್ತದೆ, ಕಟ್ಟಿಗೆಯ ಸಂದಿಗೆ ಇಳಿದರೆ ಹೊರಗೆ ಬರುವುದಿಲ್ಲ.

ಅಲಗನ್ನು ಹಳೆಯ ಸ್ಟೀಲ್ ತಾಟಿನಲ್ಲಿ ಅಡ್ಡ ಮಲಗಿಸಿ. ರಿಮೂವರನ್ನು ಎರಡು ಮಿಲಿಮೀಟರ್ ದಪ್ಪಕ್ಕೆ, ಬ್ರಶ್ ಒಂದೇ ದಿಕ್ಕಿಗೆ ಎಳೆದು ಹಚ್ಚಿ. ಹಚ್ಚಿದ ಮೇಲೆ ಮತ್ತೆ ಮತ್ತೆ ಬ್ರಶ್ ಆಡಿಸಬಾರದು. ಅದರಲ್ಲಿರುವ ಮೇಣ ಮೇಲೆ ಕೆನೆಗಟ್ಟಿ ಹಬೆಯನ್ನು ಹಿಡಿದಿಡುತ್ತದೆ. ಕೆನೆ ಒಡೆದರೆ ಔಷಧ ಕೋಟಿಂಗಿಗೆ ಇಳಿಯುವ ಬದಲು ಗಾಳಿಗೆ ಹೋಗುತ್ತದೆ. ಮೇಲೆ ಪಾಲಿಥೀನ್ ಹಾಳೆ ಮುಚ್ಚಿ ನೆರಳಿನಲ್ಲಿ 20ರಿಂದ 30 ನಿಮಿಷ ಬಿಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಒಣಗಿ ಕೂತು ಕೆಲಸ ದುಪ್ಪಟ್ಟಾಗುತ್ತದೆ, ಬೆಳಗಿನ ಹೊತ್ತೇ ಸರಿ. ಪದರ ಹಪ್ಪಳದಂತೆ ಉಬ್ಬಿ ಸುಕ್ಕುಗಟ್ಟುತ್ತದೆ. ಆಗ ಕಟ್ಟಿಗೆಯ ಚೂರಿನಿಂದ ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ (ಹರಿತ ಅಂಚಿನ) ಕಡೆಗೆ ತಳ್ಳಿ, ಬೆರಳುಗಳು ಅಲಗಿನ ಬೆನ್ನಿನ ಹಿಂದೆಯೇ ಇರಲಿ. ಉಳಿದ ತೇಪೆಗಳಿಗೆ ಇನ್ನೊಂದು ಸಲ ಹಚ್ಚಿ. ಕೆರೆದದ್ದನ್ನು ಚರಂಡಿಗೆ ಬಿಡಬೇಡಿ, ಸುಡಲೂ ಬೇಡಿ. ಪೇಪರಿನಲ್ಲಿ ಹರಡಿ ಹೊರಗೆ ಒಣಗಿಸಿ, ಅಪಾಯಕಾರಿ ಕಸ ಎಂದು ಬೇರೆಯಾಗಿ ಕೊಡಿ.

ಸೋಪು ನೀರಿನಲ್ಲಿ ತೊಳೆದು ಕೂಡಲೇ ಒರೆಸಿ. ಬರಿ ಕಾರ್ಬನ್ ಉಕ್ಕು ಒದ್ದೆಯಾಗಿದ್ದರೆ ನಿಮಿಷಗಳಲ್ಲೇ ಕೆಂಪಗಾಗುತ್ತದೆ. ಕೋಟಿಂಗಿನ ಕೆಳಗೆ ಬೆಳ್ಳನೆಯ ಉಕ್ಕು ಸಿಗಲಿಲ್ಲ ಎಂದು ಬೇಸರಪಡಬೇಡಿ. ಕೋಟಿಂಗ್ ಬರುವ ಚಾಕುಗಳ ಮೈಯನ್ನು ಕಾರ್ಖಾನೆಯಲ್ಲಿ ಅಷ್ಟು ನಯ ಮಾಡಿರುವುದಿಲ್ಲ, ಒಳಗೆ ಒರಟಾದ ಕಡುಬೂದು ಪೊರೆ ಇರುತ್ತದೆ. ಅದನ್ನು ವಿನೆಗರ್‌ನಲ್ಲಿ ಒಂದರಿಂದ ಎರಡು ಗಂಟೆ ನೆನೆಸಿ ಸ್ಟೀಲ್ ಜುಂಗಿನಿಂದ ತಿಕ್ಕಿದರೆ ಮುಕ್ಕಾಲು ಪಾಲು ಬರುತ್ತದೆ. ರಾತ್ರಿಯಿಡೀ ಬಿಟ್ಟರೆ ಉಕ್ಕಿಗೇ ಕುಳಿ ಬೀಳುತ್ತದೆ. ಟಾಯ್ಲೆಟ್ ಕ್ಲೀನರಿನಲ್ಲಿ ಅದ್ದುವುದಂತೂ ಬೇಡವೇ ಬೇಡ. ಅದರ ಹೈಡ್ರೋಕ್ಲೋರಿಕ್ ಆಮ್ಲ ಗಡಸು ಉಕ್ಕನ್ನು ಒಳಗಿಂದ ಪೆಡಸು ಮಾಡುತ್ತದೆ, ಮೊನೆ ಒಂದು ದಿನ ಪಟ್ಟನೆ ಮುರಿಯುತ್ತದೆ.

ಕೊನೆಗೆ ಎಮರಿ ಪೇಪರ್. ಅಲಗನ್ನು ಹಲಗೆಗೆ ಕ್ಲ್ಯಾಂಪ್ ಮಾಡಿ, ಬಾಯಿಗೆ ಸೀಳಿದ ಸೈಕಲ್ ಟ್ಯೂಬಿನ ತುಂಡು ತೊಡಿಸಿ. ಪೇಪರನ್ನು ಬೆರಳಿನಿಂದ ಒತ್ತದೆ ಚಪ್ಪಟೆ ಕಟ್ಟಿಗೆಯ ತುಂಡಿಗೆ ಸುತ್ತಿ. ಬೆರಳಾದರೆ ಮೈ ಅಲೆ ಅಲೆಯಾಗುತ್ತದೆ. 120, 220, 400, 600, ಈ ಸಾಲಿನಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನಯ), ಎರಡು ಹನಿ ಎಣ್ಣೆ ಬಿಟ್ಟು ಉಜ್ಜಿ. 120ನ್ನು ಉದ್ದಕ್ಕೆ ಉಜ್ಜಿದರೆ 220ನ್ನು ಓರೆಯಾಗಿ ಉಜ್ಜಬೇಕು. ಹಿಂದಿನ ಗೀರು ಒಂದೇ ಒಂದು ಕಂಡರೂ ಮುಂದಿನ ಪೇಪರಿಗೆ ಹೋಗಬಾರದು. ಅಲಗನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಉಳಿದ ಗೀರು ಕೂದಲೆಳೆಯಂತೆ ಮಿಂಚುತ್ತದೆ. 600ರಲ್ಲಿ ಕಾಣುವ ಒರಟು ಗೀರು ಹಿಂದಿನ ಪೇಪರುಗಳಲ್ಲೇ ಬಿಟ್ಟದ್ದು, ಅದಕ್ಕೆ ಹಿಂದಿನ ಪೇಪರಿಗೇ ಮರಳಬೇಕು. ಕೊನೆಯ ಹತ್ತಿಪ್ಪತ್ತು ಎಳೆತ ಹಿಡಿಕೆಯಿಂದ ಮೊನೆಯ ಕಡೆಗೆ ಮಾತ್ರ, ಹಿಂದೆ ಮುಂದೆ ಆಡಿಸದೆ. ಇಡೀ ಕೆಲಸಕ್ಕೆ ಎರಡು ಮೂರು ತಾಸು ಹಿಡಿಯುತ್ತದೆ. ಹಿತ್ತಲ ಚಾಕುವಿಗೆ 400ರಲ್ಲಿ ನಿಲ್ಲಿಸಿದರೂ ನಡೆಯುತ್ತದೆ.

ಪ್ರಶ್ನೆ: ಅಡುಗೆಮನೆಯ ಕೆಂಪು ಬಣ್ಣದ ನಾನ್‌ಸ್ಟಿಕ್ ಚಾಕುವಿನ ಬಣ್ಣ ಏಳುತ್ತಿದೆ. ಗ್ಯಾಸ್ ಮೇಲೆ ಕಾಯಿಸಿದರೆ ಪೂರ್ತಿ ಹೋಗುತ್ತದೆಂದು ಪಕ್ಕದ ಮನೆಯವರು ಹೇಳುತ್ತಾರೆ. ಮಾಡಬಹುದೇ?
(ಓದುಗರೊಬ್ಬರು, ಬೆಟಗೇರಿ, ಗದಗ)

ಉತ್ತರ: ಖಂಡಿತ ಬೇಡ. ನಾನ್‌ಸ್ಟಿಕ್ ಪದರ ಟೆಫ್ಲಾನ್ ಜಾತಿಯದಾಗಿದ್ದರೆ 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೆಡಲು ಶುರುವಾಗುತ್ತದೆ. ಅದರ ಹೊಗೆ ಮನುಷ್ಯರಿಗೆ ಫ್ಲೂ ತರಹದ ಜ್ವರ ತರುತ್ತದೆ, ಮನೆಯಲ್ಲಿ ಗಿಳಿ ಸಾಕಿದ್ದರೆ ಅದರ ಪ್ರಾಣಕ್ಕೇ ಅಪಾಯ. ಚಾಕುವಿನ ಹದವೂ (ಕಾಯಿಸಿ ತಣಿಸಿ ಉಕ್ಕಿಗೆ ಕೊಟ್ಟ ಗಡಸುತನ) ಅದೇ ಉರಿಗೆ ಹೋಗುತ್ತದೆ. ಟೆಫ್ಲಾನನ್ನು ರಿಮೂವರ್ ಕರಗಿಸುವುದಿಲ್ಲ, ಉಜ್ಜಿಯೇ ತೆಗೆಯಬೇಕು. ನೀರಿನಲ್ಲಿ ನೆನೆಸಿದ 220ರ ವಾಟರ್ ಪೇಪರ್ ಬಳಸಿ, ಪುಡಿ ಗಾಳಿಗೆ ಏಳದಂತೆ ಒದ್ದೆಯಾಗಿಯೇ ಇಟ್ಟು ಉಜ್ಜಿ. ಒಳಗೆ ಬಹುತೇಕ ತೆಳು ಸ್ಟೇನ್‌ಲೆಸ್ ಇರುತ್ತದೆ, ತುಕ್ಕಿನ ಚಿಂತೆ ಕಡಿಮೆ. ಆದರೆ ಇಂಥ ಹಗುರ ಚಾಕುವಿಗೆ ನಾಲ್ಕು ಹಾಳೆ ಪೇಪರ್ ಮತ್ತು ಒಂದು ಮಧ್ಯಾಹ್ನ ಸುರಿಯುವುದು ಲಾಭದ ಕೆಲಸವಲ್ಲ. ಪದರ ಏಳುತ್ತಿದ್ದರೆ ಅದನ್ನು ಪಲ್ಯ ಹೆಚ್ಚುವುದರಿಂದ ತೆಗೆದುಬಿಡಿ, ರಟ್ಟು, ಹಗ್ಗ ಕತ್ತರಿಸಲು ಇರಲಿ.

ಪ್ರಶ್ನೆ: ಚಾಕುವಿನ ಕಪ್ಪು ಬಣ್ಣ ಬೇಗ ತೆಗೆಯಲೆಂದು ವರ್ಕ್‌ಶಾಪಿನಲ್ಲಿ ಆ್ಯಂಗಲ್ ಗ್ರೈಂಡರ್ ಹೊಡೆಸಿದೆ. ಬಾಯಿಯ ಹತ್ತಿರ ನೀಲಿ ಬಣ್ಣ ಬಂದಿದೆ. ಈಗ ಎಷ್ಟು ಸಾಣೆ ಹಿಡಿದರೂ ಒಂದೇ ದಿನಕ್ಕೆ ಮೊಂಡಾಗುತ್ತದೆ.
(ಓದುಗರೊಬ್ಬರು, ಹಾವೇರಿ)

ಉತ್ತರ: ಆ ನೀಲಿಯೇ ಕಾರಣ. ಗಡಸು ಉಕ್ಕನ್ನು ಮತ್ತೆ ಕಾಯಿಸಿದರೆ ಅದರ ಮೈಮೇಲೆ ಬಣ್ಣ ಮೂಡುತ್ತದೆ. ಕಾರ್ಬನ್ ಉಕ್ಕಿನಲ್ಲಿ ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 255ರ ಸುಮಾರಿಗೆ ಕಂದು, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಚಾಕುವಿನ ಹದ ಸಾಮಾನ್ಯವಾಗಿ 200 ಡಿಗ್ರಿ ಆಸುಪಾಸಿನಲ್ಲಿ ಮಾಡಿದ್ದು. ನೀಲಿ ಬಂತೆಂದರೆ ಆ ಜಾಗ ಸ್ಪ್ರಿಂಗಿನಷ್ಟು ಮೆತ್ತಗಾಗಿದೆ. ಬಣ್ಣವನ್ನು ಪಾಲಿಶ್ ಮಾಡಿ ಅಳಿಸಿದರೆ ಕಣ್ಣಿಗೆ ಹೋಗುತ್ತದೆ, ಹದ ಮರಳಿ ಬರುವುದಿಲ್ಲ. (ಸ್ಟೇನ್‌ಲೆಸ್‌ನಲ್ಲಿ ಇದೇ ಬಣ್ಣಗಳು ಇನ್ನೂ ಹೆಚ್ಚಿನ ಶಾಖಕ್ಕೆ ಮೂಡುತ್ತವೆ. ಅಂದರೆ ಅದರಲ್ಲಿ ನೀಲಿ ಕಂಡರೆ ಹಾನಿ ಇನ್ನೂ ದೊಡ್ಡದು.)

ನೀಲಿ ಪಟ್ಟೆ ಒಂದೆರಡು ಮಿಲಿಮೀಟರ್ ಅಗಲ ಮಾತ್ರ ಇದ್ದರೆ ಅಷ್ಟನ್ನೂ ನೀರು ಹಾಕುತ್ತ ಸಾಣೆಕಲ್ಲಿನ ಮೇಲೆ ಕೈಯಿಂದ ತಿಕ್ಕಿ ತೆಗೆಯಿರಿ. ಹಿಂದಿನ ಗಟ್ಟಿ ಉಕ್ಕು ಸಿಕ್ಕ ಮೇಲೆ ಹೊಸ ಬಾಯಿ ಕಟ್ಟಿ. ಅಗಲ ಹೆಚ್ಚಿದ್ದು, ಉಕ್ಕು ಕಾರ್ಬನ್ ಆಗಿದ್ದರೆ ಒಳ್ಳೆಯ ಕಂಬಾರರಲ್ಲಿ ಮತ್ತೆ ಹದ ಹಾಕಿಸಬಹುದು. ಅಯಸ್ಕಾಂತ ಅಂಟದಷ್ಟು, ಅಂದರೆ 770 ಡಿಗ್ರಿಗಿಂತ ತುಸು ಮೇಲೆ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ, ತಣಿದ ಮೇಲೆ 200 ಡಿಗ್ರಿ ಓವನ್ನಿನಲ್ಲಿ ಒಂದೊಂದು ತಾಸಿನಂತೆ ಎರಡು ಸಲ ಇಡಬೇಕು. ಹಿಡಿಕೆ ಬಿಚ್ಚಿರಬೇಕು. ಸ್ಟೇನ್‌ಲೆಸ್ ಆದರೆ ಕುಲುಮೆಯಲ್ಲಿ ಇದು ಆಗುವ ಕೆಲಸವಲ್ಲ.

ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬಾಯಿ ಕಾಗದದಷ್ಟು ತೆಳು, ಅಲ್ಲಿ ಶಾಖ ಹರಿದುಹೋಗಲು ಜಾಗವೇ ಇಲ್ಲ, ಎರಡು ಸೆಕೆಂಡಿನಲ್ಲಿ ಸುಡುತ್ತದೆ. ಮಶೀನೇ ಬೇಕೆಂದರೆ ಪ್ರತಿ ಎಳೆತಕ್ಕೂ ನೀರಿನಲ್ಲಿ ಅದ್ದಿ. ಅಲಗಿನ ಮೇಲೆ ನಿಂತ ನೀರಿನ ಹನಿ ಆರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಕೋಟಿಂಗ್ ತೆಗೆದು ಕನ್ನಡಿಯಂತೆ ಮಾಡಿದ್ದ ಚಾಕು ಮಳೆಗಾಲದ ಒಂದೇ ವಾರದಲ್ಲಿ ಕೆಂಪು ಚುಕ್ಕೆ ಹಿಡಿಯಿತು. ತೊಗಲಿನ ಒರೆಯಲ್ಲೇ ಇಟ್ಟಿದ್ದೆ.
(ಓದುಗರೊಬ್ಬರು, ಧಾರವಾಡ)

ಉತ್ತರ: ತೊಗಲು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗಿನ ಉಪ್ಪಿನ ಅಂಶವೂ ಅದರಲ್ಲಿ ಉಳಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಕು ಒರೆಯ ಹೊರಗೇ ಇರಲಿ.

ಬರಿ ಉಕ್ಕಿಗೆ ಒಂದು ಕಪ್ಪು ಪೊರೆ ಕಟ್ಟಿಸುವುದು ಒಳ್ಳೆಯ ದಾರಿ. ಉಳ್ಳಾಗಡ್ಡಿ, ಹಸಿ ಮಾವಿನಕಾಯಿ ಹೆಚ್ಚುತ್ತ ಹಳೆಯ ಈಳಿಗೆಗಳು ಕಪ್ಪಾಗುವುದು ಹೀಗೆಯೇ. ಅದು ಕೊಳೆಯಲ್ಲ, ಅದನ್ನು ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಮಾಡುವುದರಿಂದಲೇ ಮತ್ತೆ ತುಕ್ಕು ಬರುತ್ತದೆ. ಮನೆಯಲ್ಲಿ ಬೇಗ ಮಾಡಬೇಕೆಂದರೆ ಅಲಗನ್ನು ಸೋಪಿನಿಂದ, ಆಮೇಲೆ ಥಿನ್ನರ್‌ನಿಂದ ಒರೆಸಿ. ಬೆರಳಿನ ಜಿಡ್ಡು ಉಳಿದರೆ ಅದೇ ಆಕಾರದಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಬೆಚ್ಚಗಿನ ವಿನೆಗರ್ ಅಥವಾ ಗಟ್ಟಿ ಹುಣಸೆರಸದಲ್ಲಿ 20 ನಿಮಿಷ ಅದ್ದಿ, ತೊಳೆದು ಒರೆಸಿ. ಹೀಗೆ ಮೂರು ನಾಲ್ಕು ಸಲ. ಕೊನೆಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಿರಿ, ಇಲ್ಲದಿದ್ದರೆ ಉಳಿದ ಹುಳಿ ಒಳಗೊಳಗೇ ತಿನ್ನುತ್ತದೆ.

ಈಗ ಬಂದಿರುವ ಕೆಂಪನ್ನೂ ಉಪಯೋಗಿಸಿಕೊಳ್ಳಬಹುದು. ತೆಳು ತುಕ್ಕಿದ್ದರೆ ಅಲಗನ್ನು ಕುದಿಯುವ ನೀರಿನಲ್ಲಿ ಅರ್ಧ ತಾಸು ಇಡಿ, ಕೆಂಪು ತುಕ್ಕು ಕಪ್ಪು ಆಕ್ಸೈಡಿಗೆ ತಿರುಗುತ್ತದೆ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ, ಹದಕ್ಕೆ ಭಯವಿಲ್ಲ. ಬೋರ್‌ವೆಲ್ ನೀರು ಬೇಡ, ಸುಣ್ಣದ ಬಿಳಿ ಕಲೆ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ, ಬ್ಯಾಟರಿಯ ಆಮ್ಲವಲ್ಲ.

ಮೇಲೆ ಹಚ್ಚುವ ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಸುಲಭವಾಗಿ ಸಿಗುವ ಕುಸುಬೆ ಎಣ್ಣೆ ಮತ್ತು ಅಗಸೆ ಎಣ್ಣೆ ಗಾಳಿಗೆ ಒಣಗಿ ವಾರ್ನಿಶಿನಂತೆ ಗಟ್ಟಿಯಾಗುತ್ತವೆ. ಎರಡೇ ಹನಿ ಹಚ್ಚಿ, ಹಚ್ಚಿಲ್ಲವೇನೋ ಎನ್ನುವಷ್ಟು ಒರೆಸಿ ತೆಗೆದರೆ ಒಳ್ಳೆಯ ಪೊರೆ. ದಪ್ಪ ಹಚ್ಚಿದರೆ ಬೆಲ್ಲದ ಪಾಕದಂತೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ತಿಂಗಳುಗಟ್ಟಲೆ ಸುಮ್ಮನೆ ಇಡುವ ಚಾಕುವಿಗೆ ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಉತ್ತಮ, ಅದು ಒಣಗುವುದೂ ಇಲ್ಲ, ಕಮಟುವುದೂ ಇಲ್ಲ. ಬಾಯಿಯ ಮೇಲೆ ಪೊರೆ ನಿಲ್ಲುವುದಿಲ್ಲ, ಸಾಣೆ ಹಿಡಿದಾಗಲೆಲ್ಲ ಅಲ್ಲಿ ಹೊಸ ಉಕ್ಕು ಬರುತ್ತದೆ. ಆದ್ದರಿಂದ ಹೆಚ್ಚಿದ ಕೂಡಲೇ ತೊಳೆದು ಒರೆಸುವುದು ತಪ್ಪುವುದಿಲ್ಲ.

ಪ್ರಶ್ನೆ: ಬಂಗಾರದ ಬಣ್ಣದ ಟೈಟಾನಿಯಂ ಕೋಟಿಂಗ್ ರಿಮೂವರ್‌ಗೆ ಬರಲೇ ಇಲ್ಲ.
(ಓದುಗರೊಬ್ಬರು, ರಾಣೆಬೆನ್ನೂರು)

ಉತ್ತರ: ಬರುವುದಿಲ್ಲ. ಅದು ಬಣ್ಣವಲ್ಲ, ಟೈಟಾನಿಯಂ ನೈಟ್ರೈಡ್. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ, ಒಳಗಿನ ಉಕ್ಕಿಗಿಂತ ಗಟ್ಟಿ. ಎಮರಿ ಹಾಕಿದರೆ ತೇಪೆ ತೇಪೆಯಾಗಿ ಕಾಣುತ್ತದೆ. ಗಟ್ಟಿಯಾಗಿ ಕೂತಿದ್ದರೆ ಬಿಡಿ, ಬಾಯಿಗಷ್ಟೇ ಸಾಣೆ ಹಿಡಿಯಿರಿ.

ಪ್ರಶ್ನೆ: ಅಜ್ಜಿಯ ಕಾಲದ ಈಳಿಗೆಗೆ ಯಾರೋ ಹಸಿರು ಎನಾಮಲ್ ಬಳಿದಿದ್ದಾರೆ, ಅಲಗಿನ ಬುಡಕ್ಕೂ ಹತ್ತಿದೆ. ಉಜ್ಜಿ ತೆಗೆದು ಹೊಸ ಬಣ್ಣ ಹಚ್ಚಲೇ?
(ಓದುಗರೊಬ್ಬರು, ಲಕ್ಷ್ಮೇಶ್ವರ)

ಉತ್ತರ: ಒಣದಾಗಿ ಉಜ್ಜಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಎನಾಮಲ್‌ನಲ್ಲಿ ಸೀಸ ಇರಬಹುದು, ಅದರ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಮೇಲೆ ಹೇಳಿದಂತೆ ರಿಮೂವರ್ ಹಚ್ಚಿ ಒದ್ದೆಯಾಗಿಯೇ ಕೆರೆದು, ಉಳಿದದ್ದನ್ನು ವಾಟರ್ ಪೇಪರಿನಿಂದ ತೆಗೆಯಿರಿ. ಮಣೆ ಕಟ್ಟಿಗೆಯದಾದರೆ ಅಲಗನ್ನು ಬಿಚ್ಚಿಕೊಂಡೇ ಮಾಡಿ. ತರಕಾರಿ ತಾಗುವ ಅಲಗಿಗೆ ಮತ್ತೆ ಯಾವ ಬಣ್ಣವೂ ಬೇಡ. ಬಣ್ಣ ಬೇಕೆನಿಸಿದರೆ ಮಣೆಯ ಕಾಲಿಗೆ ಹಚ್ಚಿ, ಅಲಗು ಸಿಕ್ಕಿಸುವ ಸಂದಿಗೆ ಮಾತ್ರ ತಾಗದಿರಲಿ. ಅಲ್ಲಿ ಬಣ್ಣ ಕೂತರೆ ಅಲಗು ಬಿಗಿಯಾಗಿ ಕೂರದೆ ಅಲುಗಾಡುತ್ತದೆ.